ಬೆಂಗಳೂರಿನ ಕ್ರೀಡಾಂಗಣವೂ ಅದರ ಬಾಗಿಲುಗಳೂ

ಕ್ರಿಕೆಟ್ ಆಟದ ಸುದ್ದಿ ಹೊಗದ ಮನೆಯು ಈಗ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಹಜಾರದಲ್ಲಿ ಅಜ್ಜನು ದೂರದರ್ಶನದ ಮುಂದೆ ಕುಳಿತಿರುತ್ತಾನೆ; ಮೊಮ್ಮಗಳು ಅಂಗಳದಲ್ಲಿ ದಾಂಡು ಹಿಡಿದು ಆಡುತ್ತಿರುತ್ತಾಳೆ; ಗೃಹಿಣಿಯು ಅಡಿಗೆಯ ಮನೆಯಿಂದಲೇ ಎಷ್ಟು ರನ್ನುಗಳಾದುವೆಂದು ವಿಚಾರಿಸುತ್ತಾಳೆ. ಆಟಗಾರರ ಹೆಸರುಗಳೂ ಅವರು ಗಳಿಸಿದ ಅಂಕಿಗಳೂ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿರುತ್ತವೆ. ಆದರೆ ಆಟವು ನಡೆಯುವ ಸ್ಥಳವು ಹೇಗೆ ಉಂಟಾಯಿತು, ಅಲ್ಲಿ ಏನೇನು ಅನುಕೂಲಗಳಿವೆ, ಏನೇನು ಇಲ್ಲ ಎಂಬುದನ್ನು ವಿಚಾರಿಸುವವರು ವಿರಳ. ಆದಕಾರಣ ನಮ್ಮ ರಾಜಧಾನಿಯಾದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಚರಿತ್ರೆಯನ್ನೂ ವ್ಯವಸ್ಥೆಯನ್ನೂ ವಾಚಕರ ಮುಂದೆ ಇಡಬೇಕೆಂದು ನಾವು ಉದ್ದೇಶಿಸಿರುವೆವು.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನವರು ಸ್ಟೇಡಿಯಂ ಎಂದು ಕರೆಯುವುದು ಮೂಲತಃ ಗ್ರೀಕರ ಒಂದು ಅಳತೆಯ ಹೆಸರು. ಅವರ ಆರು ನೂರು ಅಡಿಗಳ ದೂರಕ್ಕೆ ಆ ಹೆಸರಿತ್ತು. ಅಷ್ಟು ದೂರದ ಓಟದ ಪಂದ್ಯಕ್ಕೂ, ಕಾಲಕ್ರಮದಲ್ಲಿ ಆ ಪಂದ್ಯ ನಡೆಯುವ ಸ್ಥಳಕ್ಕೂ ಅದೇ ಹೆಸರು ಬಂದಿತು. ನಮ್ಮಲ್ಲಿ ಈ ಬಗೆಯ ಸ್ಥಳಗಳಿಗೆ ರಂಗವೆಂದು ಹೆಸರು. ದ್ರೋಣಾಚಾರ್ಯರು ತಮ್ಮ ಶಿಷ್ಯರ ಅಸ್ತ್ರವಿದ್ಯೆಯನ್ನು ಪುರಜನರಿಗೆ ತೋರಿಸಲು ಗಿಡಮರಗಳಿಲ್ಲದ ಸಮತಲವಾದ ನೆಲವನ್ನು ಅಳೆಸಿ ರಂಗವನ್ನು ಸಿದ್ಧಪಡಿಸಿದ ಕಥೆಯು ಮಹಾಭಾರತದ ಆದಿಪರ್ವದಲ್ಲಿದೆ. ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ಪ್ರೇಕ್ಷಾಗೃಹಕ್ಕಾಗಿಯೇ ಮೀಸಲಾಗಿದೆ. ಗೃಹವು ಅತಿಯಾಗಿ ದೊಡ್ಡದಾದರೆ ನಟರ ಮಾತೂ ಮುಖಭಾವವೂ ಅಸ್ಪಷ್ಟವಾಗುವುವು ಎಂದು ಅಲ್ಲಿ ಎಚ್ಚರಿಸಿದೆ. ನೋಡಲು ಬಂದವರ ಹಿತವನ್ನು ಮೊದಲು ನಿಶ್ಚಯಿಸಿ, ಅನಂತರ ಕಟ್ಟಡದ ಅಳತೆಯನ್ನು ಹೇಳುವುದು ನಮ್ಮ ಹಿಂದಿನವರ ಕ್ರಮವಾಗಿತ್ತು. ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಮೈಸೂರು ಸೀಮೆಯಲ್ಲಿ ಕ್ರಿಕೆಟ್ ಸಂಸ್ಥೆಯು ೧೯೩೩ರಲ್ಲಿ ಸ್ಥಾಪಿತವಾಯಿತು. ಮರುವರ್ಷವೇ ರಣಜಿ ಪಂದ್ಯಾವಳಿಯು ಆರಂಭವಾದಾಗ ಅದರ ಪ್ರಪ್ರಥಮ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ಮೈಸೂರು ಒಂದು. ೧೯೩೪ನೆಯ ಇಸವಿ ನವೆಂಬರ್ ೪ನೆಯ ತಾರೀಖು ಮದರಾಸಿನ ಚೆಪಾಕಿನಲ್ಲಿ ನಡೆದ ಆ ಪಂದ್ಯವು ಒಂದೇ ದಿನದಲ್ಲಿ ಮುಗಿದು, ನಮ್ಮವರು ಸೋತರು. ಆ ಬಳಿಕ ಬಹುಕಾಲ ಬೆಂಗಳೂರಿನಲ್ಲಿ ದೊಡ್ಡ ಪಂದ್ಯಗಳು ನಡೆಯುತ್ತಿದ್ದುದು ಸೆಂಟ್ರಲ್ ಕಾಲೇಜಿನ ಬಯಲಿನಲ್ಲಿ. ಆಟಗಾರರಿದ್ದರು, ಆಟವನ್ನು ನೋಡುವ ಜನರೂ ಇದ್ದರು. ಸಂಸ್ಥೆಗೆ ತನ್ನದೆಂಬ ಮನೆ ಮಾತ್ರ ಇರಲಿಲ್ಲ.

ಆ ಮನೆಯನ್ನು ಕಟ್ಟಿಸಲು ಶ್ರಮಿಸಿದವರಲ್ಲಿ ಅಗ್ರಗಣ್ಯರು ಮಂಡ್ಯದ ವಕೀಲರಾದ ಎಂ. ಚಿನ್ನಸ್ವಾಮಿಯವರು. ನಾಲ್ಕು ದಶಕಗಳ ಕಾಲ ಅವರು ಈ ಸಂಸ್ಥೆಗೆ ಸೇವೆ ಸಲ್ಲಿಸಿದರು. ೧೯೭೭ರಿಂದ ೧೯೮೦ರ ವರೆಗೆ ಭಾರತದ ಕ್ರಿಕೆಟ್ ಮಂಡಳಿಗೆ ಅಧ್ಯಕ್ಷರೂ ಆಗಿದ್ದರು. ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ಮಹಾತ್ಮಾ ಗಾಂಧಿ ರಸ್ತೆಗೆ ಸಮೀಪವಾಗಿ, ಸರ್ಕಾರವು ಸುಮಾರು ೧೭ ಎಕರೆ ನೆಲವನ್ನು ದೀರ್ಘಕಾಲದ ಗುತ್ತಿಗೆಗೆ ದಯಪಾಲಿಸಿತು. ೧೯೬೯ರ ಮೇ ತಿಂಗಳಲ್ಲಿ ಅಸ್ತಿಭಾರದ ಶಿಲೆಯನ್ನಿಟ್ಟು, ೧೯೭೦ರಲ್ಲಿ ಕಟ್ಟಡದ ಕೆಲಸಕ್ಕೆ ಕೈಹಾಕಿದರು. ೧೯೭೨-೭೩ರ ಋತುವಿನಲ್ಲಿ ಇಲ್ಲಿ ಪ್ರಥಮ ದರ್ಜೆಯ ಪಂದ್ಯಗಳು ಮೊದಲಾದುವು. ಮೊದಲಿಗೆ ಸಂಸ್ಥೆಯ ಹೆಸರಿನಿಂದಲೇ ಪ್ರಸಿದ್ಧವಾಗಿದ್ದ ಈ ಸ್ಥಳಕ್ಕೆ ತರುವಾಯ ಚಿನ್ನಸ್ವಾಮಿಯವರ ಹೆಸರನ್ನೇ ಇಟ್ಟರು.

೧೯೭೩ರ ನವೆಂಬರ್ ಒಂದರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ನಾಮಕರಣವಾಯಿತಷ್ಟೆ. ಹೊಸ ಹೆಸರಿನ ಕೂಸಿಗೆ ಉಡುಗೊರೆಯೋ ಎಂಬಂತೆ ೧೯೭೪ರ ಮಾರ್ಚಿಯಲ್ಲಿ ಇದೇ ಅಂಗಣದಲ್ಲಿ ಕರ್ನಾಟಕವು ಬೊಂಬಾಯಿಯನ್ನು ರಣಜಿ ಪಂದ್ಯಾವಳಿಯ ಉಪಾಂತ್ಯದಲ್ಲಿ ಎದುರಿಸಿತು. ಬೊಂಬಾಯಿಯವರು ಅದಕ್ಕೆ ಹಿಂದೆ ಸತತವಾಗಿ ೧೫ ವರ್ಷ ಆ ಪ್ರಶಸ್ತಿಯನ್ನು ಗೆದ್ದಿದ್ದರು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರು ಶತಕಗಳನ್ನು ಹೊಡೆದರು. ನಾಯಕರಾದ ಪ್ರಸನ್ನರು ಗವಾಸ್ಕರರ ವಿಕೆಟ್ಟನ್ನು ಉರುಳಿಸಿದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ನಮ್ಮವರು ಗೆದ್ದು, ಅನಂತರ ಜಯಪುರದಲ್ಲಿ ರಾಜಸ್ಥಾನವನ್ನೂ ಸೋಲಿಸಿ ಪ್ರಥಮ ಬಾರಿಗೆ ಆ ಪ್ರಶಸ್ತಿಯನ್ನು ತಂದರು.

ಅದೇ ವರ್ಷ ನವೆಂಬರ್ ೨೨ರಂದು ಇಲ್ಲಿ ಮೊದಲನೆಯ ಟೆಸ್ಟ್ ಪಂದ್ಯವು ಆರಂಭವಾಯಿತು. ಬಂದವರು ವೆಸ್ಟ್ ಇಂಡೀಸಿನವರು. ಕ್ಲೈವ್ ಲಾಯ್ಡರು ನಾಯಕತ್ವ ವಹಿಸಿದ ಮೊದಲ ಟೆಸ್ಟ್ ಅದು; ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸರು ಟೆಸ್ಟಿಗೆ ಕಾಲಿಟ್ಟುದೂ ಅಂದೇ. ಗ್ರೀನಿಜರು ೯೩ ಮತ್ತು ೧೦೭ ರನ್ನುಗಳನ್ನು ಗಳಿಸಿದರು. ಭಾರತವು ೨೬೭ ರನ್ನುಗಳ ಅಂತರದಿಂದ ಸೋತಿತು. ಎರಡು ವರ್ಷಗಳ ತರುವಾಯ, ೧೯೭೬ರ ಅಕ್ಟೋಬರ್ ೩೧ರಂದು, ಭಾರತದ ಮಹಿಳೆಯರು ತಮ್ಮ ಚರಿತ್ರೆಯ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಆಡಲಾರಂಭಿಸಿದುದೂ ಈ ನೆಲದ ಮೇಲೆಯೇ. ನಾಯಕಿಯಾಗಿದ್ದವರು ನಮ್ಮ ನಾಡಿನವರೇ ಆದ ಶಾಂತಾ ರಂಗಸ್ವಾಮಿಯವರು. ಈ ಸಂಗತಿಗೆ ನಾವು ಮುಂದೆ ಮತ್ತೊಮ್ಮೆ ಬರಬೇಕಾಗಿದೆ.

ಇಲ್ಲಿ ನಡೆದ ಪಂದ್ಯಗಳೆಲ್ಲವನ್ನೂ ವರ್ಣಿಸಲು ಹೊರಟರೆ ಪತ್ರಿಕೆಯ ಪುಟಗಳು ಸಾಲವು. ೧೯೮೭ರಲ್ಲಿ ಗವಾಸ್ಕರರು ತಮ್ಮ ಕೊನೆಯ ಟೆಸ್ಟಿನಲ್ಲಿ, ಚೆಂಡು ಬುಗುರಿಯಂತೆ ತಿರುಗುತ್ತಿದ್ದ ನೆಲದ ಮೇಲೆ, ೯೬ ರನ್ನುಗಳನ್ನು ಗಳಿಸಿಯೂ ಭಾರತವು ಪಾಕಿಸ್ತಾನಕ್ಕೆ ೧೬ ರನ್ನುಗಳಿಂದ ಸೋತಿತು. ೧೯೮೮ರಲ್ಲಿ ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿಯವರು ತಮ್ಮ ೩೭೪ನೆಯ ವಿಕೆಟ್ಟನ್ನು ಪಡೆದು ಜಗತ್ತಿನಲ್ಲಿ ಎಲ್ಲರಿಗಿಂತ ಮುಂದಾದರು. ೧೯೯೬ರ ಮಾರ್ಚ್ ೯ರ ರಾತ್ರಿ ವಿಶ್ವಕಪ್ಪಿನ ಪಂದ್ಯದಲ್ಲಿ ವೆಂಕಟೇಶ ಪ್ರಸಾದರು ಆಮಿರ್ ಸೊಹೇಲರ ವಿಕೆಟ್ಟನ್ನು ಉರುಳಿಸಿದುದನ್ನು ಕಂಡವರು ಇಂದಿಗೂ ಮರೆತಿಲ್ಲ. ೨೦೧೧ರಲ್ಲಿ ಭಾರತ ಮತ್ತು ಇಂಗ್ಲೆಂಡ್ ತಲಾ ೩೩೮ ರನ್ನುಗಳನ್ನು ಗಳಿಸಿ ಸಮವಾದುವು. ಕೆಲವೇ ದಿನಗಳಲ್ಲಿ ಅದೇ ಇಂಗ್ಲೆಂಡನ್ನು ಪುಟ್ಟ ಐರ್ಲೆಂಡ್ ಸೋಲಿಸಿತು. ೨೦೧೮ರಲ್ಲಿ ಆಫ್ಘಾನಿಸ್ತಾನವು ತನ್ನ ಮೊದಲ ಟೆಸ್ಟನ್ನು ಆಡಿದುದೂ ಇಲ್ಲಿಯೇ. ೨೦೨೪ರ ಅಕ್ಟೋಬರಿನಲ್ಲಿ ಭಾರತವು ಇಲ್ಲಿ ಕೇವಲ ೪೬ ರನ್ನುಗಳಿಗೆ ಮುಗಿಯಿತು. ಸ್ವದೇಶದಲ್ಲಿ ಅದಕ್ಕಿಂತ ಕಡಮೆಗೆ ಭಾರತವು ಹಿಂದೆಂದೂ ಮುಗಿದಿರಲಿಲ್ಲ. ಹೀಗೆ ಹರ್ಷ ವಿಷಾದಗಳೆರಡನ್ನೂ ಈ ಅಂಗಣವು ಧಾರಾಳವಾಗಿ ಹಂಚಿರುತ್ತದೆ.

ಇನ್ನು ಅನುಕೂಲಗಳ ವಿಚಾರ. ಆಸನಗಳು ಸುಮಾರು ೩೫,೦೦೦. ರಾತ್ರಿ ಹಗಲಾಗುವಂತೆ ಬೆಳಗುವ ದೀಪಸ್ತಂಭಗಳನ್ನು ೧೯೯೬ರ ವಿಶ್ವಕಪ್ಪಿಗೋಸ್ಕರ ನೆಟ್ಟರು. ೨೦೦೦ದಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯು ಇಲ್ಲಿ ಸ್ಥಾಪಿತವಾಗಿ, ಹಲವು ವರ್ಷಗಳ ಕಾಲ ದೇಶದ ಎಳೆಯ ಆಟಗಾರರಿಗೆ ಗುರುಕುಲದಂತಿತ್ತು. ೨೦೨೪ರಲ್ಲಿ ಅದು ವಿಮಾನನಿಲ್ದಾಣದ ಕಡೆಯ ತನ್ನ ವಿಶಾಲವಾದ ಸ್ವಂತ ನಿವೇಶನಕ್ಕೆ ಹೋಯಿತು. ೨೦೧೫ರಲ್ಲಿ ಆಸನಗಳ ಛಾವಣಿಯ ಮೇಲೆ ೪೦೦ ಕಿಲೋವಾಟ್ ಶಕ್ತಿಯ ಸೂರ್ಯಫಲಕಗಳನ್ನು ಹಾಸಿದರು. ಸೂರ್ಯನಿಂದ ಇಷ್ಟು ವಿದ್ಯುತ್ತನ್ನು ಪಡೆದ ಕ್ರಿಕೆಟ್ ಅಂಗಣವು ಅಲ್ಲಿಯ ವರೆಗೆ ಎಲ್ಲಿಯೂ ಇರಲಿಲ್ಲ. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕಬ್ಬನ್ ಉದ್ಯಾನದಲ್ಲಿ ಶುದ್ಧಿಗೊಳಿಸಿದ ಬಚ್ಚಲು ನೀರನ್ನು ಹುಲ್ಲಿಗೆ ತರಿಸಿಕೊಂಡರು. ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ತುಳಸಿಯ ಗಿಡಕ್ಕೆ ಹಾಕುವ ಗೃಹಿಣಿಯರಿಗೆ ಈ ವಿವೇಕವನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಆಶ್ಚರ್ಯಕರವಾದುದು ಮಳೆಯ ನೀರನ್ನು ಹೊರಗೆ ಕಳುಹಿಸುವ ಯಂತ್ರ. ೨೦೧೫ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದವರೊಡನೆ ನಡೆಯಬೇಕಾಗಿದ್ದ ಟೆಸ್ಟ್ ಪಂದ್ಯದಲ್ಲಿ ಐದು ದಿನಗಳ ಪೈಕಿ ನಾಲ್ಕು ದಿನಗಳು ಮಳೆಯ ಪಾಲಾದುವು. ಇದರ ತರುವಾಯ ಸಂಸ್ಥೆಯವರು ಅಂಗಣದ ಜೇಡಿಮಣ್ಣನ್ನು ತೆಗೆಸಿ ಮರಳನ್ನು ತುಂಬಿಸಿದರು. ಅದರ ಕೆಳಗೆ ರಂಧ್ರಗಳುಳ್ಳ ಕೊಳವೆಗಳ ಜಾಲವನ್ನು ಹರಡಿದರು. ಗಾಳಿಯನ್ನು ಹೀರುವ ಯಂತ್ರವನ್ನು ಆ ಕೊಳವೆಗಳಿಗೆ ಜೋಡಿಸಿದರು. ೨೦೧೭ರಲ್ಲಿ ಇದು ಕೆಲಸಕ್ಕೆ ಬಂದಿತು. ಯಂತ್ರವು ಕೆಳಗಿನಿಂದ ಗಾಳಿಯನ್ನು ಎಳೆದಾಗ ನೀರು ತನ್ನ ಭಾರದಿಂದ ಇಳಿಯುವುದಕ್ಕಿಂತ ಎಷ್ಟೋ ಪಟ್ಟು ವೇಗದಿಂದ ಮರಳಿನ ಮೂಲಕ ಇಳಿದುಹೋಗುವುದು. ನಿಮಿಷಕ್ಕೆ ಸುಮಾರು ೧೦,೦೦೦ ಲೀಟರ್ ನೀರನ್ನು ಹೊರಹಾಕುವ ಸಾಮರ್ಥ್ಯ ಇದಕ್ಕಿದೆ. ಕ್ರಿಕೆಟ್ ಅಂಗಣಗಳಲ್ಲಿ ಈ ಯಂತ್ರವನ್ನು ಮೊದಲು ಹೂಡಿದುದು ನಮ್ಮ ಬೆಂಗಳೂರಿನಲ್ಲಿ. ಎಡೆಬಿಡದೆ ಸುರಿಯುವ ಮಳೆಯ ಮುಂದೆ ಯಾವ ಯಂತ್ರವೂ ನಿಲ್ಲದು. ೨೦೨೪ರ ಟೆಸ್ಟಿನ ಮೊದಲ ದಿನವು ಪೂರ್ತಿಯಾಗಿ ಹಾಳಾಯಿತು. ಆದರೂ ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಆಟವನ್ನು ಪುನಃ ಆರಂಭಿಸುವ ಸೌಕರ್ಯವು ಸಾಮಾನ್ಯವಾದುದಲ್ಲ.

ಇಲ್ಲಿಗೆ ನಾವು ಹೇಳಬೇಕಾದ ಮುಖ್ಯ ವಿಷಯವು ಬಂದಿತು. ನಮ್ಮ ನಾಡಿನಲ್ಲಿ ಕೆರೆಯನ್ನು ಕಟ್ಟುವವರು ಏರಿಯನ್ನು ಎಬ್ಬಿಸುವುದಕ್ಕೆ ಮೊದಲೇ ಕೋಡಿ ಎಲ್ಲಿ ಬೀಳಬೇಕೆಂಬುದನ್ನು ಗೊತ್ತುಮಾಡುತ್ತಿದ್ದರು. ಎಷ್ಟು ನೀರು ನಿಲ್ಲುವುದೆಂಬುದು ಎರಡನೆಯ ಪ್ರಶ್ನೆ. ಹೆಚ್ಚಾದ ನೀರು ಯಾವ ಕಡೆಗೆ ಹೋಗುವುದೆಂಬುದು ಮೊದಲನೆಯದು. ಕೋಡಿಯಿಲ್ಲದ ಕೆರೆಯು ಎಷ್ಟೇ ಭದ್ರವಾಗಿದ್ದರೂ ಒಂದಲ್ಲ ಒಂದು ಮಳೆಗಾಲದಲ್ಲಿ ಏರಿಯೊಡೆದು ಊರನ್ನು ಮುಳುಗಿಸುವುದು. ಸಹಸ್ರಾರು ಜನರು ಸೇರುವ ಕ್ರೀಡಾಂಗಣವೂ ಒಂದು ಕೆರೆಯೇ. ಅದರ ತೂಬೂ ಕೋಡಿಯೂ ಯಾವುವೆಂದರೆ ಬಾಗಿಲುಗಳು, ಬಾಗಿಲುಗಳ ಮುಂದಿನ ಬಯಲು, ಆ ಬಯಲಿನಿಂದ ಹೊರಟ ದಾರಿಗಳು. ಚಿನ್ನಸ್ವಾಮಿ ಕ್ರೀಡಾಂಗಣವು ನಗರದ ನಡುವೆ ರಸ್ತೆಗಳ ಮಧ್ಯದಲ್ಲಿ ಇರುವುದರಿಂದ ಅದರ ಬಾಗಿಲುಗಳು ಬಹುಮಟ್ಟಿಗೆ ನೇರವಾಗಿ ಸಾರ್ವಜನಿಕ ರಸ್ತೆಗೂ ಕಾಲುದಾರಿಗೂ ತೆರೆಯುತ್ತವೆ. ಜನರು ಸಾಲುಗಟ್ಟಿ ನಿಲ್ಲಲು ಪ್ರತ್ಯೇಕವಾದ ಅಂಗಳವಿಲ್ಲ. ಕಟ್ಟಿದ ಕಾಲಕ್ಕೆ ಇದು ದೋಷವಾಗಿ ತೋರಿರಲಾರದು. ಊರು ಬೆಳೆದಂತೆ ಅದು ಅಪಾಯವಾಗಿ ಬೆಳೆಯಿತು.

೨೦೨೫ರ ಜೂನ್ ೩ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಅಹಮದಾಬಾದಿನಲ್ಲಿ ಗೆದ್ದು, ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿಯನ್ನು ಪಡೆಯಿತು. ಮರುದಿನವೇ ಇಲ್ಲಿ ಉತ್ಸವ. ೩೫,೦೦೦ ಆಸನಗಳಿರುವಲ್ಲಿಗೆ ಎರಡು ಲಕ್ಷಕ್ಕೂ ಮಿಕ್ಕಿದ ಜನರು ಬಂದರೆಂದು ಸರ್ಕಾರದವರೇ ಹೇಳಿದರು. ಪ್ರವೇಶಕ್ಕೆ ಚೀಟಿ ಬೇಕೋ ಬೇಡವೋ ಎಂಬುದೇ ಹಲವರಿಗೆ ಸ್ಪಷ್ಟವಾಗಿರಲಿಲ್ಲ. ಬಾಗಿಲುಗಳ ಬಳಿಯ ಒತ್ತಡದಲ್ಲಿ ೧೧ ಮಂದಿ ಪ್ರಾಣವನ್ನು ಕಳೆದುಕೊಂಡರು. ೫೦ಕ್ಕಿಂತ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಶಾಲೆಗೆ ಹೋಗುತ್ತಿದ್ದ ಬಾಲಕಿಯೂ ಇದ್ದಳು. ಯಾರ ತಪ್ಪು ಎಷ್ಟೆಂಬುದನ್ನು ತೂಗುವುದು ನ್ಯಾಯಸ್ಥಾನಗಳ ಕೆಲಸ. ಅದಕ್ಕೆ ನಾವು ಕೈಹಾಕುವುದಿಲ್ಲ. ಆದರೆ ಇಂಥ ಮರಣವು ಹೇಗೆ ಒದಗುತ್ತದೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕು.

ಇದನ್ನು ಕಾಲ್ತುಳಿತವೆಂದು ಕರೆಯುವುದು ವಾಡಿಕೆ. ಆ ಹೆಸರು ಜನರೇ ಹುಚ್ಚೆದ್ದು ಒಬ್ಬರನ್ನೊಬ್ಬರು ತುಳಿದರೆಂಬ ಭಾವವನ್ನು ಹುಟ್ಟಿಸುವುದು. ವಾಸ್ತವವಾಗಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಉಸಿರು ಕಟ್ಟುವುದರಿಂದ. ಒಂದು ಚದರ ಮೀಟರ್ ನೆಲದಲ್ಲಿ ನಾಲ್ಕು ಮಂದಿ ನಿಂತರೆ ಇಕ್ಕಟ್ಟು. ಐದಾರು ಮಂದಿ ಆದರೆ ಮನುಷ್ಯನು ತನ್ನ ಇಚ್ಛೆಯಂತೆ ಹೆಜ್ಜೆಯಿಡಲಾರನು. ಆಗ ಗುಂಪು ನೀರಿನಂತೆ ಅಲೆಯಲೆಯಾಗಿ ತೂಗುವುದು. ಎದೆಯ ಮೇಲೆ ನಾಲ್ಕು ಕಡೆಯಿಂದಲೂ ಭಾರ ಬಿದ್ದು, ಶ್ವಾಸಕೋಶವು ಅರಳಲು ಸ್ಥಳವಿಲ್ಲದೆ, ನಿಂತಲ್ಲಿಯೇ ಪ್ರಾಣ ಹೋಗುವುದು. ಹಿಂದಿರುವವರಿಗೆ ಮುಂದೆ ಬಾಗಿಲು ಮುಚ್ಚಿರುವುದು ತಿಳಿಯದು. ಅವರು ಮುಂದುವರಿಯುತ್ತಲೇ ಇರುತ್ತಾರೆ. ಇದರಲ್ಲಿ ದುರುದ್ದೇಶವು ಯಾರಿಗೂ ಇರುವುದಿಲ್ಲ. ಬಹುಕಾಲ ಪಾಠಶಾಲೆಯಲ್ಲಿ ಕಳೆದ ನಮಗೆ ಇದರ ಚಿಕ್ಕ ರೂಪವು ಪರಿಚಿತವೇ. ಸಂಜೆಯ ಗಂಟೆ ಬಾರಿಸಿದೊಡನೆ ಎಲ್ಲ ತರಗತಿಗಳನ್ನೂ ಒಂದೇ ಬಾರಿಗೆ ಬಿಟ್ಟರೆ, ಅತ್ಯಂತ ಸಾಧುಗಳಾದ ಮಕ್ಕಳೂ ಬಾಗಿಲಿನಲ್ಲಿ ಬೀಳುತ್ತಾರೆ. ಒಂದೊಂದು ತರಗತಿಯನ್ನಾಗಿ ಬಿಟ್ಟರೆ ಅತ್ಯಂತ ತುಂಟರೂ ಸುಖವಾಗಿ ಮನೆ ಸೇರುತ್ತಾರೆ. ಮಕ್ಕಳ ಸ್ವಭಾವವು ಎರಡು ದಿನವೂ ಒಂದೇ. ವ್ಯವಸ್ಥೆಯು ಮಾತ್ರ ಬೇರೆ.

ಈ ತಿಳಿವಳಿಕೆ ಹೊಸದೇನೂ ಅಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನವರು ಕಟ್ಟಿದ ಕೊಲೊಸಿಯಂ ಎಂಬ ಮಹಾರಂಗಕ್ಕೆ ಸುತ್ತಲೂ ೮೦ ಕಮಾನು ಬಾಗಿಲುಗಳಿದ್ದುವು. ಅವುಗಳಲ್ಲಿ ೭೬ಕ್ಕೆ ಅಂಕಿಗಳನ್ನು ಕೆತ್ತಿ, ಸಾಮಾನ್ಯ ಪ್ರೇಕ್ಷಕನು ತನ್ನ ಬಾಗಿಲು ಯಾವುದೆಂದು ತಿಳಿಯುವಂತೆ ಮಾಡಿದ್ದರು. ಇಂಥ ರಂಗಗಳಲ್ಲಿ ಜನರನ್ನು ಒಮ್ಮೆಗೆ ಹೊರಗೆ ಬಿಡುವ ಓಣಿಗಳಿಗೆ ವಾಮಿಟೋರಿಯಂ ಎಂದು ಹೆಸರು. ನಮ್ಮ ಸಂಸ್ಕೃತದ ವಮ್ ಧಾತುವೂ ಆ ಲ್ಯಾಟಿನ್ ಪದದ ಧಾತುವೂ ಒಂದೇ ಮೂಲದ ಸೋದರಿಯರು. ಆ ರಂಗವು ಜನರನ್ನು ಕಾರುತ್ತಿತ್ತೆಂದು ಭಾವ. ಬ್ರಿಟನ್ನಿನವರು ಮಾತ್ರ ದುಃಖಪಟ್ಟು ಇದನ್ನು ಪುನಃ ಕಲಿತರು. ೧೯೭೧ರಲ್ಲಿ ಗ್ಲಾಸ್ಗೋ ನಗರದ ಐಬ್ರಾಕ್ಸ್ ಎಂಬ ಕಾಲ್ಚೆಂಡಿನ ಅಂಗಣದಲ್ಲಿ ಹೊರಗೆ ಹೋಗುವ ಮೆಟ್ಟಿಲುಗಳ ಮೇಲೆ ೬೬ ಜನರು ಸತ್ತರು. ತರುವಾಯ ೧೯೭೩ರಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಮಾರ್ಗದರ್ಶಿಕೆಯೂ, ೧೯೭೫ರಲ್ಲಿ ಕಾನೂನೂ ಬಂದುವು. ಆ ಮಾರ್ಗದರ್ಶಿಕೆಯ ಪ್ರಕಾರ ಪ್ರೇಕ್ಷಕರು ತಮ್ಮ ಸ್ಥಳದಿಂದ ಎಂಟು ನಿಮಿಷಗಳೊಳಗೆ ಸರಾಗವಾದ ಹೊರದಾರಿಯನ್ನು ಸೇರಬೇಕು. ಅಷ್ಟರೊಳಗೆ ಸೇರಲಾರದಿದ್ದರೆ, ಆಸನಗಳು ಎಷ್ಟೇ ಇರಲಿ, ಜನರ ಸಂಖ್ಯೆಯನ್ನೇ ಇಳಿಸಬೇಕು. ಬಾಗಿಲುಗಳ ಅಳತೆಯಿಂದ ಜನರ ಲೆಕ್ಕವೇ ಹೊರತು, ಆಸನಗಳ ಎಣಿಕೆಯೊಂದರಿಂದಲೇ ಅಲ್ಲ.

ನಮ್ಮ ಹಿರಿಯರಿಗೂ ಇದು ತಿಳಿದಿತ್ತು. ದೊಡ್ಡ ದೇವಸ್ಥಾನಗಳ ಸುತ್ತಲೂ ಇರುವ ರಥಬೀದಿಯನ್ನು ನೋಡಿರಿ. ವರ್ಷದ ಮುನ್ನೂರು ದಿನಗಳೂ ಅಷ್ಟು ಅಗಲವಾದ ಬೀದಿ ಅನಾವಶ್ಯಕವೆಂದೇ ತೋರುವುದು. ತೇರಿನ ದಿನ ಮಾತ್ರ ಅದರ ಅರ್ಥವು ಗೋಚರವಾಗುವುದು. ಬರುವ ದಿನದ ಜನರಿಗಾಗಿ ಬರಿದಾದ ಸ್ಥಳವನ್ನು ಕಾಯ್ದಿಡುವುದೇ ಆ ಬೀದಿಯ ಪ್ರಯೋಜನ.

ದುರಂತದ ವಿಚಾರಣೆಗಾಗಿ ಸರ್ಕಾರವು ನಿಯಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ಆಯೋಗವು ೨೦೨೫ರ ಜುಲೈಯಲ್ಲಿ ವರದಿಯನ್ನು ಒಪ್ಪಿಸಿತು. ಈ ಅಂಗಣದ ರಚನೆಯು ಮಹಾಜನಸಮೂಹಕ್ಕೆ ತಕ್ಕುದಲ್ಲವೆಂದೂ, ರಸ್ತೆಯಿಂದ ಬೇರೆಯಾಗಿ ಜನರು ಸಾಲು ನಿಲ್ಲುವ ಸ್ಥಳ, ಸಾಕಷ್ಟು ಬಾಗಿಲುಗಳು, ಆಪತ್ಕಾಲದಲ್ಲಿ ಹೊರಹೋಗುವ ಏರ್ಪಾಡು ಇವು ಅವಶ್ಯವೆಂದೂ ಅದರಲ್ಲಿ ಹೇಳಿದೆ. ಅದೇ ವರ್ಷ ಮಹಿಳೆಯರ ವಿಶ್ವಕಪ್ಪಿನ ಆರಂಭದ ಪಂದ್ಯವು ಬೆಂಗಳೂರಿನಲ್ಲಿ ನಡೆಯಬೇಕಾಗಿತ್ತು. ಅದೂ ಇತರ ಪಂದ್ಯಗಳೂ ಬೇರೆ ಊರುಗಳ ಪಾಲಾದುವು. ೧೯೭೬ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟನ್ನು ಆಡಿದ ನೆಲದಿಂದ ಅವರ ವಿಶ್ವಕಪ್ಪು ದೂರವಾಯಿತು. ಆ ನವೆಂಬರಿನಲ್ಲಿ ಭಾರತದ ಹೆಣ್ಣುಮಕ್ಕಳು ಅದನ್ನು ಗೆದ್ದುದು ನವಿ ಮುಂಬಯಿಯಲ್ಲಿ.

ಹರಿದುಹೋದ ನೀರಿಗೆ ಅಣೆ ಕಟ್ಟುವುದನ್ನು ಶಾಸ್ತ್ರಜ್ಞರು ಗತಜಲಸೇತುಬಂಧನ ನ್ಯಾಯವೆಂದು ಹೆಸರಿಸಿ ನಗುತ್ತಾರೆ. ಹೋದ ಜೀವಗಳ ವಿಷಯದಲ್ಲಿ ಆ ಮಾತು ಸತ್ಯ. ಆದರೆ ಮುಂದಿನ ಮಳೆಗಾಲವೂ ಇದೆಯಾದುದರಿಂದ ಸೇತುವನ್ನು ಕಟ್ಟಲೇಬೇಕು. ಮಳೆಯ ನೀರಿಗೆ ನಿಮಿಷಗಳ ಲೆಕ್ಕದಲ್ಲಿ ದಾರಿಯನ್ನು ಕಲ್ಪಿಸಿದ ಸಂಸ್ಥೆಗೆ ಜನರಿಗೂ ನಿಮಿಷಗಳ ಲೆಕ್ಕದಲ್ಲಿ ದಾರಿಯನ್ನು ಕಲ್ಪಿಸುವ ಬುದ್ಧಿಶಕ್ತಿಯೂ ಧನಶಕ್ತಿಯೂ ಇಲ್ಲವೆನ್ನಲಾಗದು. ಹೊರಕ್ಕೆ ತೆರೆಯುವ ಅಗಲವಾದ ಬಾಗಿಲುಗಳು, ಟಿಕೆಟಿನ ಮೇಲೆ ಅಚ್ಚಾದ ಬಾಗಿಲಿನ ಸಂಖ್ಯೆ, ಜನರನ್ನು ತಂಡತಂಡವಾಗಿ ಬಿಡುವ ಕ್ರಮ, ೨೦೧೬ರಲ್ಲಿ ಹತ್ತಿರದಲ್ಲಿಯೇ ತೆರೆದ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದೊಡನೆ ಹೊಂದಾಣಿಕೆ, ಆಸನಗಳಿಗಿಂತ ಹೆಚ್ಚು ಜನರನ್ನು ಕರೆಯುವ ಉತ್ಸವಗಳನ್ನು ಊರ ಹೊರಗಿನ ವಿಶಾಲವಾದ ಬಯಲಿಗೆ ಸಾಗಿಸುವುದು: ಇವು ಯಾವುವೂ ಅಸಾಧ್ಯವಾದ ಕಾರ್ಯಗಳಲ್ಲ.

ಗೃಹಸ್ಥರ ಕರ್ತವ್ಯವೂ ಕೊಂಚ ಇದೆ. ಮಕ್ಕಳೊಡನೆ ಯಾವ ದೊಡ್ಡ ಕೂಟಕ್ಕೆ ಹೋದರೂ, ಒಳಗೆ ಹೋದೊಡನೆ ಹೊರಗೆ ಬರುವ ಎರಡು ದಾರಿಗಳನ್ನು ಅವರಿಗೆ ತೋರಿಸಿರಿ. ತಪ್ಪಿಸಿಕೊಂಡರೆ ಕೂಡುವ ಸ್ಥಳವನ್ನು ಮೊದಲೇ ಗೊತ್ತುಮಾಡಿರಿ. ಚಿಕ್ಕವರ ಜೇಬಿನಲ್ಲಿ ಮನೆಯ ದೂರವಾಣಿಯ ಸಂಖ್ಯೆಯನ್ನು ಬರೆದಿಡಿರಿ. ಚೀಟಿಯಿಲ್ಲದೆ ಬಾಗಿಲಿನ ಬಳಿಗೆ ಹೋಗಬೇಡಿರಿ. ಮೈಗೆ ಮೈ ತಗಲುವಷ್ಟು ಇಕ್ಕಟ್ಟಾದ ಕೂಡಲೇ, ಇನ್ನೂ ಕಾಲಾವಕಾಶವಿರುವಾಗಲೇ, ಪಕ್ಕಕ್ಕೆ ಸರಿಯಿರಿ. ಸಿಕ್ಕಿಕೊಂಡರೆ ಎರಡು ಕೈಗಳನ್ನೂ ಎದೆಯ ಮುಂದೆ ಮಡಿಸಿ ಉಸಿರಿಗೆ ಎಡೆಮಾಡಿಕೊಳ್ಳಿರಿ. ಬಿದ್ದ ವಸ್ತುವನ್ನು ಬಗ್ಗಿ ತೆಗೆಯಬೇಡಿರಿ. ಗುಂಪಿಗೆ ಎದುರಾಗಿ ತಳ್ಳದೆ, ಅಲೆಯು ಸಡಿಲಿದಾಗ ಓರೆಯಾಗಿ ಅಂಚಿನ ಕಡೆಗೆ ನಡೆಯಿರಿ. ಆಟ ಮುಗಿದ ಮೇಲೆ ಹತ್ತು ನಿಮಿಷ ಕುಳಿತಿದ್ದು ಹೊರಟರೆ ನಷ್ಟವೇನೂ ಇಲ್ಲ.

ಚಿನ್ನಸ್ವಾಮಿಯವರೂ ಅವರ ಸಹಕಾರಿಗಳೂ ಆಟಗಾರರಿಗೊಂದು ಮನೆಯನ್ನು ಕಟ್ಟಿಕೊಟ್ಟರು. ಆ ಮನೆಗೆ ಬಂದ ಅತಿಥಿಗಳು ಬಂದಂತೆಯೇ ಸುಖವಾಗಿ ಹಿಂದಿರುಗಬೇಕು. ಮನೆಯ ಯಜಮಾನನು ಅತಿಥಿಯನ್ನು ಹೊಸ್ತಿಲವರೆಗೆ ಬಂದು ಬೀಳ್ಕೊಡುವ ನಾಡು ನಮ್ಮದು. ಮುಂದೆ ಈ ಅಂಗಣದಲ್ಲಿ ಏನನ್ನು ಕಟ್ಟಿದರೂ ಮೊದಲ ಗಮನವು ಬಾಗಿಲಿನ ಕಡೆಗೆ ಇರಲೆಂದು, ನಮ್ಮ ವಾಚಕರ ಮನೆಗಳಿಂದ ಆಟ ನೋಡಲು ಹೋಗುವ ಮಕ್ಕಳ ಪರವಾಗಿ ನಾವು ಕೋರುತ್ತೇವೆ.